ಅನುದಾನವೂ ಆತ್ಮಸ್ತುತಿಯೂ

ಮಹಾಭಾರತದ ಕರ್ಣಪರ್ವದಲ್ಲಿ ಒಂದು ಪ್ರಸಂಗವುಂಟು. ಹಿರಿಯಣ್ಣನನ್ನು ನಿಂದಿಸಿದ ಪಾಪಕ್ಕಾಗಿ ಪ್ರಾಣವನ್ನೇ ಬಿಡಲು ಹೊರಟ ಅರ್ಜುನನಿಗೆ ಶ್ರೀಕೃಷ್ಣನು, ತನ್ನ ಗುಣಗಳನ್ನು ತಾನೇ ಹೊಗಳಿಕೊಳ್ಳುವದು ಆತ್ಮಹತ್ಯೆಗೆ ಸಮಾನವಾದುದರಿಂದ ಅಷ್ಟನ್ನು ಮಾಡಿದರೆ ಸಾಕೆಂದು ಹೇಳುವನು. ಈ ನೀತಿಯನ್ನು ಕೇಳಿ ಬೆಳೆದ ನಾಡಿನಲ್ಲಿ ಇಂದು ಕಲಾವಿದನು ಮನ್ನಣೆಯನ್ನು ಬಯಸಿದರೆ ಮೊದಲು ಮಾಡತಕ್ಕ ಕೆಲಸವು ಆತ್ಮಸ್ತುತಿಯೇ ಆಗಿರುವದು. ಪದ್ಮ ಪ್ರಶಸ್ತಿಗಳಿಗೆ ಸಹ ತನ್ನ ಹೆಸರನ್ನು ತಾನೇ ಸೂಚಿಸಿಕೊಳ್ಳಲು ನಿಯಮದಲ್ಲಿ ಅವಕಾಶವುಂಟು. ಬೇಡಿ ಪಡೆದುದು ಭಿಕ್ಷೆ. ಬೇಡದೆ ಬಂದುದು ಮಾನ. ಇವೆರಡರ ಅಂತರವನ್ನು ಅಳಿಸಿದ ವ್ಯವಸ್ಥೆಯು ಎಷ್ಟು ಉದಾರವಾಗಿದ್ದರೂ ಸಂಸ್ಕಾರವಂತವೆನಿಸದು.

ಬೆಳಗಾವಿ ಜಿಲ್ಲೆಗೆ ಕಲೆಯ ಬಡತನವಿಲ್ಲ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡದ ತಮ್ಮಣ್ಣನು ತಿದ್ದಿ ಬೆಳೆಸಿ ಶ್ರೀಕೃಷ್ಣ ಪಾರಿಜಾತವೆಂಬ ಆಟವನ್ನು ಮನೆಮನೆಯ ಮಾತಾಗಿಸಿದನು. ಕೌಜಲಗಿಯ ನಿಂಗಮ್ಮನು ಅದೇ ಆಟದಿಂದ ಊರೂರಲ್ಲಿ ಕೀರ್ತಿವಂತಳಾದಳು. ಏಣಗಿ ಬಾಳಪ್ಪನವರು ಹಳ್ಳಿಯ ಆಟದಿಂದ ಹೊರಟು ವೃತ್ತಿರಂಗಭೂಮಿಯ ಶಿಖರವನ್ನೇರಿದರು. ಬೆಳಗಾವಿಗೆ ಉತ್ತರದಲ್ಲಿ ಹೆದ್ದಾರಿಯ ಬದಿಗಿರುವ ಕಾಕತಿಯು ಕಿತ್ತೂರ ರಾಣಿ ಚೆನ್ನಮ್ಮನ ತವರು. 1824ರಲ್ಲಿ ಆಂಗ್ಲರನ್ನೆದುರಿಸಿದ ಆ ವೀರರಾಣಿಯ ಕಥೆಯನ್ನು ಪಠ್ಯಪುಸ್ತಕಗಳಿಗಿಂತ ಬಹು ಮೊದಲು ಜನರ ಕಿವಿಗೆ ಮುಟ್ಟಿಸಿದವರು ಲಾವಣಿಕಾರರು. ಇವರಲ್ಲಿ ಯಾರ ಬಳಿಯೂ ನೋಂದಣಿಯ ಪ್ರಮಾಣಪತ್ರವಿರಲಿಲ್ಲ, ಲೆಕ್ಕಪರಿಶೋಧಕರ ಮುದ್ರೆಯಿರಲಿಲ್ಲ, ಹಿಂದಿನ ಮೂರು ವರ್ಷಗಳ ಕಾರ್ಯಕ್ರಮಗಳ ಛಾಯಾಚಿತ್ರಗಳಂತೂ ಇರಲೇ ಇಲ್ಲ.

ಇದನ್ನೇ ಹಿಡಿದುಕೊಂಡು ಕೆಲವರು, ಅಂದು ಅನುದಾನವಿಲ್ಲದೆ ಕಲೆ ಬದುಕಿತು, ಇಂದೂ ಬದುಕಲಿ ಎನ್ನುವರು. ಈ ವಾದವು ಕೇಳಲಿಕ್ಕೆ ಚೆನ್ನಾಗಿದೆಯೇ ಹೊರತು ಸತ್ಯವಲ್ಲ. ಅಂದು ದೇಸಗತಿಯ ಇನಾಮುಗಳಿದ್ದವು, ಸುಗ್ಗಿಯ ಕಣದಲ್ಲಿ ಆಟದವರಿಗೆ ಕಾಳು ದೊರೆಯುತ್ತಿತ್ತು, ಜಾತ್ರೆಗೆ ಬಂದ ಮೇಳಕ್ಕೆ ಊರಿನವರು ಊಟವಿಕ್ಕುತ್ತಿದ್ದರು. ಇನಾಮುಗಳು ಹೋದವು, ಕಣಗಳೂ ಬರಿದಾದವು. ಅವುಗಳ ಸ್ಥಾನದಲ್ಲಿ ಸರಕಾರದ ಬೊಕ್ಕಸವು ನಿಲ್ಲಬೇಕಾದುದು ನ್ಯಾಯವೇ. 2013ರ ಕಂಪನಿ ಕಾಯಿದೆಯ ಮೇರೆಗೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವೆಚ್ಚ ಮಾಡಬೇಕು. ಆ ಕಾರ್ಯಗಳ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಗಳೂ ಸೇರಿವೆ. ಕಾಕತಿಯ ಸಮೀಪದಲ್ಲಿಯೇ ಹೊನಗಾ ಕೈಗಾರಿಕಾ ಪ್ರದೇಶವಿರುವಾಗ ಈ ವಿಷಯವು ಅಲ್ಲಿಯ ಗೃಹಸ್ಥರ ಲಕ್ಷ್ಯಕ್ಕೆ ಬರತಕ್ಕದ್ದು. ಆದುದರಿಂದ ವಿವಾದವು ಕೊಡಬೇಕೋ ಬೇಡವೋ ಎಂಬುದರಲ್ಲಿಲ್ಲ, ಹೇಗೆ ಕೊಡಬೇಕೆಂಬುದರಲ್ಲಿದೆ.

ಈಗಿನ ಅರ್ಜಿಗಳಲ್ಲಿ 'ಸಾಮಾಜಿಕ ಪರಿಣಾಮ'ವೆಂಬ ಅಂಕಣವೊಂದು ಬಂದಿದೆ. ಎಷ್ಟು ಜನ ನೋಡಿದರು, ಎಷ್ಟು ಹಳ್ಳಿಗಳಿಗೆ ತಲುಪಿತು, ಯಾವ ಸಂದೇಶವನ್ನು ಸಾರಿತು ಎಂಬ ಪ್ರಶ್ನೆಗಳಿಗೆ ಅಂಕೆಗಳಲ್ಲಿ ಉತ್ತರ ಬೇಕಂತೆ! ಬೈಲಹೊಂಗಲದಲ್ಲಿ ನಡೆದುದೆಂದು ಜನರು ಹೇಳುವ ಸಂಗ್ಯಾ ಬಾಳ್ಯಾರ ಕಥೆಯನ್ನು ಈ ಅಂಕಣದಲ್ಲಿ ತುಂಬುವ ಬಗೆ ಯಾವದು? ಪ್ರಾಣಸ್ನೇಹಿತನೇ ದ್ರೋಹವೆಸಗಿದ ಆ ಆಟವನ್ನು ಬೆಳತನಕ ನೋಡಿ ಮನೆಗೆ ಮರಳಿದವನ ಎದೆಯಲ್ಲಿ ಏನು ಕದಲಿತೆಂಬುದನ್ನು ಯಾವ ಗುಮಾಸ್ತನು ಎಣಿಸಬಲ್ಲನು? ಪರಿಣಾಮವನ್ನು ತಲೆಯೆಣಿಕೆಯಿಂದ ಅಳೆಯತೊಡಗಿದರೆ ಕಲಾವಿದನು ಅಳತೆಗೆ ತಕ್ಕ ಕಲೆಯನ್ನೇ ಮಾಡತೊಡಗುವನು. ರಾತ್ರಿಯೆಲ್ಲ ನಡೆಯುವ ಪಾರಿಜಾತವು ಅರ್ಧ ತಾಸಿಗೆ ಇಳಿಯುವದು. ಭಾಗವತನ ಬಾಯಲ್ಲಿ ಪದಕ್ಕೆ ಬದಲಾಗಿ ಇಲಾಖೆಯ ಘೋಷಣೆಯು ಕುಳ್ಳುವದು. ಆರೋಗ್ಯವನ್ನೂ ಸ್ವಚ್ಛತೆಯನ್ನೂ ಕುರಿತು ಹಾಡಬಾರದೆಂದಲ್ಲ. ಆದರೆ ಅದು ಮಾತ್ರವೇ ಉಪಯೋಗವೆಂದು ಬಗೆಯುವದು ತುಳಸಿಯನ್ನು ಕಷಾಯಕ್ಕಾಗಿಯೇ ಬೆಳೆಸಿದಂತೆ.

ಎರಡನೆಯ ದೋಷವು ಇದಕ್ಕಿಂತ ಕಠಿಣವಾದುದು. ಪಾರಿಜಾತದ ಮರವನ್ನು ಸತ್ಯಭಾಮೆಯ ಅಂಗಳದಲ್ಲಿ ನೆಟ್ಟರೂ ಹೂಗಳು ರುಕ್ಮಿಣಿಯ ಅಂಗಳದಲ್ಲಿ ಉದುರಿದವೆಂದು ಜನರು ಹೇಳುವರು. ಅನುದಾನದ ಮರವೂ ಹಾಗೆಯೇ. ಅದನ್ನು ನೆಡುವದು ಬಡ ಕಲಾವಿದನ ಹೆಸರಿನಲ್ಲಿ; ಹೂವು ಉದುರುವದು ಅರ್ಜಿ ಬರೆಯಬಲ್ಲವನ ಅಂಗಳದಲ್ಲಿ. ನೂರಾರು ಪದಗಳನ್ನು ಕಂಠದಲ್ಲಿಟ್ಟುಕೊಂಡ ಮುದುಕನಿಗೆ ಗಣಕಯಂತ್ರದ ಅರ್ಜಿಯನ್ನು ತುಂಬಲು ಬಾರದು. ತುಂಬಬಲ್ಲವನಿಗೆ ಒಂದು ಪದವೂ ಬಾರದಿರಬಹುದು. ಆ ಮುದುಕನು ತೀರಿದ ದಿನ ಒಂದು ಗ್ರಂಥಭಾಂಡಾರವೇ ಸುಟ್ಟಂತಾಗುವದು. ಆ ನಷ್ಟವನ್ನು ಯಾವ ವಾರ್ಷಿಕ ವರದಿಯೂ ಕಾಣಿಸದು.

ಹಾಗಾದರೆ ಕರ್ತವ್ಯವೇನು? ಮೊದಲನೆಯದಾಗಿ, ಪ್ರಶಸ್ತಿಗೆ ಅರ್ಜಿಯು ನಿಲ್ಲಬೇಕು. ಕೊಡುವವರು ಕಣ್ಣು ಕಿವಿಗಳನ್ನುಳ್ಳ ಬಲ್ಲವರನ್ನು ಜಾತ್ರೆಗೂ ಮೊಹರಮ್ಮಿನ ರಿವಾಯತಕ್ಕೂ ಕಳಿಸಿ ಅರ್ಹರನ್ನು ಹುಡುಕಲಿ. ಎರಡನೆಯದಾಗಿ, ಒಂದು ರಾತ್ರಿಯ ಪ್ರದರ್ಶನಕ್ಕಿಂತ ಹಲವು ವರ್ಷಗಳ ಕಲಿಕೆಗೆ ಹಣವು ಸಲ್ಲಲಿ. ಗುರುವಿಗೆ ಅನ್ನವೂ ಶಿಷ್ಯನಿಗೆ ವೇತನವೂ ದೊರೆತರೆ ಆಟವು ತಾನಾಗಿ ಉಳಿಯುವದು. ಮೂರನೆಯದಾಗಿ, ಸಾರ್ವಜನಿಕ ದ್ರವ್ಯಕ್ಕೆ ಲೆಕ್ಕವಂತೂ ಬೇಕೇ ಬೇಕು; ಆದರೆ ಆ ಲೆಕ್ಕವನ್ನಿಡುವ ಭಾರವು ವಿದ್ಯಾವಂತರ ಮೇಲಿರಲಿ. ಬ್ಯಾಂಕಿನಿಂದಲೂ ಶಾಲೆಯಿಂದಲೂ ನಿವೃತ್ತರಾದವರು ಊರೂರಲ್ಲಿರುವರು. ತಿಂಗಳಿಗೊಂದು ದಿನ ಮೇಳದ ಕಾಗದಪತ್ರಗಳನ್ನು ಬಿಟ್ಟಿಯಾಗಿ ನೋಡಿಕೊಟ್ಟರೆ ಅವರ ವಿಶ್ರಾಂತಿಗೆ ಭಂಗ ಬಾರದು.

1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದಾಗ ಕನ್ನಡವು ಈ ಭಾಗದಲ್ಲಿ ಅನಾಥವಾಗಿತ್ತು. ಭಾಷೆಗೆ ಬೇಕಾದುದನ್ನು ಮೊದಲು ಭಾಷಿಕರೇ ಮಾಡಬೇಕೆಂದು ಅಂದಿನವರು ಅರಿತಿದ್ದರು. ಊರಿನವರು ಒಂದು ಪಾಲನ್ನು ತಾವು ಹಾಕಿ ಉಳಿದುದನ್ನು ಸರಕಾರಕ್ಕೆ ಕೇಳಿದರೆ ಅದು ಹಕ್ಕು. ತಾವು ಕಾಸನ್ನೂ ಬಿಚ್ಚದೆ ಕಲಾವಿದನ ಕೈಗೆ ಅರ್ಜಿಯನ್ನಿತ್ತು ಕಳಿಸಿದರೆ ಅದು ಅವನ ಮಾನವನ್ನು ಒತ್ತೆಯಿಟ್ಟಂತೆ. ಮದುವೆಯ ಮಂಟಪಕ್ಕೆ ಲಕ್ಷಗಟ್ಟಲೆ ಸುರಿಯುವ ಸುಶಿಕ್ಷಿತ ಮನೆಗಳು ಈ ವರ್ಷದ ಶುಭಕಾರ್ಯಕ್ಕೆ ಒಂದು ಪಾರಿಜಾತದ ಮೇಳವನ್ನು ಕರೆಸಿ, ಮರ್ಯಾದೆಯಿಂದ ಸಂಭಾವನೆಯಿತ್ತು, ಮಕ್ಕಳನ್ನು ಮುಂದೆ ಕೂಡ್ರಿಸಲಿ. ಅದಕ್ಕೆ ಯಾವ ಇಲಾಖೆಯ ಮಂಜೂರಾತಿಯೂ ಬೇಕಾಗಿಲ್ಲ.