ಗಸ್ತಿನ ಪುಸ್ತಕವೂ ಚೌಕದ ಚೀಟಿಯೂ

ನಮ್ಮ ಬೀದಿಯ ಮೂಲೆಯ ಕಿರಾಣಿ ಅಂಗಡಿಯ ಬಾಗಿಲ ಚೌಕಟ್ಟಿಗೆ ಹಿಂದೆ ಒಂದು ಪುಸ್ತಕವನ್ನು ದಾರದಿಂದ ತೂಗುಹಾಕಿದ್ದರು. ವಾಚಕರಲ್ಲಿ ವಯಸ್ಸಾದವರು ತಮ್ಮ ತಮ್ಮ ಊರುಗಳಲ್ಲಿಯೂ ಇಂತಹದನ್ನು ಕಂಡಿರಬಹುದು. ರಾತ್ರಿಯ ಗಸ್ತಿನ ಪೋಲೀಸಿನವನು ಲಾಠಿಯನ್ನು ಕುಟ್ಟುತ್ತ, ಸೀಟಿಯನ್ನು ಊದುತ್ತ ಬಂದು, ಟಾರ್ಚಿನ ಬೆಳಕಿನಲ್ಲಿ ಆ ಪುಸ್ತಕವನ್ನು ಬಿಡಿಸಿ, ಬಂದ ಹೊತ್ತನ್ನು ಬರೆದು ರುಜು ಹಾಕಿ ಮುಂದೆ ಸಾಗುವನು. ಏರ್ಪಾಡು ಸೊಗಸಾಗಿಯೇ ಇದ್ದಿತು. ಆದರೆ ಮಳೆಗಾಲದಲ್ಲಿ ಹನ್ನೆರಡು ಗಂಟೆಯ ರುಜು, ಎರಡು ಗಂಟೆಯ ರುಜು, ನಾಲ್ಕು ಗಂಟೆಯ ರುಜು, ಮೂರೂ ಒಂದೇ ಶಾಯಿಯಲ್ಲಿ ಒಂದೇ ಓರೆಯಲ್ಲಿ ಇರುತ್ತಿದ್ದುದುಂಟು. ಬಾಳೆಲ್ಲ ಹುಡುಗರ ಕಾಪಿಪುಸ್ತಕಗಳನ್ನು ತಿದ್ದಿದ ಕಣ್ಣಿಗೆ ಇದು ಮರೆಯಾಗಬಲ್ಲುದೆ?

ಈಗ ಆ ಪುಸ್ತಕವಿಲ್ಲ. ಅದರ ಬದಲು ಗೋಡೆಗಳ ಮೇಲೂ ಗೇಟುಗಳ ಮೇಲೂ ಕಪ್ಪು ಬಿಳುಪಿನ ಚೌಕದ ಚೀಟಿಗಳನ್ನು ಅಂಟಿಸಿದ್ದಾರೆ. ಪೋಲೀಸಿನವನು ಬಂದು ತನ್ನ ಮೊಬೈಲ್ ಫೋನನ್ನು ಅದರ ಎದುರಿಗೆ ಹಿಡಿಯುವನು. ಆತನು ಬಂದ ಸ್ಥಳವೂ ಹೊತ್ತೂ ಆ ಕ್ಷಣವೇ ಮೇಲಧಿಕಾರಿಗೆ ತಿಳಿಯುವುವು. ಠಾಣೆಯ ಬೆಂಚಿನ ಮೇಲೆ ಕುಳಿತು ಊರೆಲ್ಲ ಗಸ್ತು ತಿರುಗುವ ಸಿದ್ಧಿಯು ಇನ್ನು ಯಾರಿಗೂ ಲಭಿಸದು. ನಮ್ಮ ಬೀದಿಗೆ ಬರುವವನು ಏಳನೆಯ ತರಗತಿಯಲ್ಲಿ ನನ್ನ ಶಿಷ್ಯನಾಗಿದ್ದವನು. ಅಂದು ಶಬ್ದರೂಪಗಳನ್ನು ಒಪ್ಪಿಸಲು ತಡವರಿಸುತ್ತಿದ್ದವನು ಇಂದು ನಿಮಿಷಕ್ಕೆ ಸರಿಯಾಗಿ ಹಾಜರಾಗುವನು. ನನಗೆ ಸಂತೋಷವೇ.

ಕಾವಲುಗಾರನನ್ನು ಕಾಯುವವರಾರು ಎಂಬ ಚಿಂತೆಯು ಹೊಸದಲ್ಲ. ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಗರಿಕನೆಂಬ ಪಟ್ಟಣಾಧಿಕಾರಿಯ ಪ್ರಕರಣವೊಂದಿದೆ. ರಾತ್ರಿಯಲ್ಲಿ ತೂರ್ಯಧ್ವನಿಯಾದ ಮೇಲೆ ಜನರು ಸುಮ್ಮನೆ ತಿರುಗಬಾರದು. ಆದರೆ ತಡೆಯಬಾರದವನನ್ನು ತಡೆದ ಕಾವಲುಗಾರನಿಗೂ, ತಡೆಯಬೇಕಾದವನನ್ನು ಬಿಟ್ಟುಬಿಟ್ಟವನಿಗೂ ಇಮ್ಮಡಿ ದಂಡ! ಹತ್ತೋ ಇಪ್ಪತ್ತೋ ನಲವತ್ತೋ ಮನೆಗಳಿಗೆ ಒಬ್ಬ ಗೋಪನೆಂಬವನು ಇದ್ದು, ಮನೆಯವರ ಹೆಸರು, ಕಸುಬು, ಆಯ ವ್ಯಯಗಳನ್ನು ಸಹ ಬಲ್ಲವನಾಗಿರಬೇಕು. ಅಷ್ಟನ್ನು ಬಲ್ಲವನು ನೆರೆಯಲ್ಲಿರುವುದು ನನಗಂತೂ ಇಷ್ಟವಿಲ್ಲ. ಆದರೆ ಏನನ್ನೂ ಅರಿಯದವನು ಕಾಯುವುದೂ ಕಷ್ಟವೇ. ಈ ಮಾತಿಗೆ ಮತ್ತೆ ಬರುವೆನು.

೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮೊಬೈಲ್ ಫೋನು ಹೆಸರುಗೊಂಡೇ ಕಾಣಿಸಿಕೊಂಡಿದೆ. ೧೦೫ನೆಯ ಕಲಮಿನಂತೆ ಪೋಲೀಸರು ಮನೆಯನ್ನು ಶೋಧಿಸುವಾಗಲೂ ಸಾಮಾನನ್ನು ವಶಪಡಿಸಿಕೊಳ್ಳುವಾಗಲೂ ನಡೆದುದನ್ನೆಲ್ಲ ಧ್ವನಿ ಚಿತ್ರಗಳ ಸಮೇತ, ಸಾಧ್ಯವಾದರೆ ಮೊಬೈಲಿನಿಂದಲೇ, ದಾಖಲು ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಇದು ಗೃಹಸ್ಥನಿಗೂ ರಕ್ಷೆ, ನ್ಯಾಯವಾಗಿ ನಡೆದ ಪೋಲೀಸಿನವನಿಗೂ ರಕ್ಷೆ. ೧೭೩ನೆಯ ಕಲಮಿನಂತೆ ದೂರನ್ನು ವಿದ್ಯುನ್ಮಾನ ಮಾರ್ಗದಿಂದಲೂ ಕೊಡಬಹುದು. ಮೂರು ದಿನಗಳೊಳಗೆ ರುಜು ಹಾಕಿದರಾಯಿತು. ಠಾಣೆಯ ಮೆಟ್ಟಲನ್ನು ಹತ್ತಲು ಅಂಜುವ ಹೆಂಗಸರು ಇದನ್ನು ನೆನಪಿನಲ್ಲಿಡಬೇಕು. ಸಾಕ್ಷಿಗಳಾಗಿ ಹೇಳಿಕೆ ಕೊಡಬೇಕಾದ ಹೆಂಗಸರನ್ನೂ, ಅರವತ್ತು ಮೀರಿದ ಗಂಡಸರನ್ನೂ ಅವರ ಮನೆಯಿಂದ ಬೇರೆಡೆಗೆ ಕರೆಸಕೂಡದೆಂದೂ ಅದೇ ಸಂಹಿತೆಯಲ್ಲಿದೆ. ಮುಪ್ಪಿನಿಂದ ನನಗಾಗಲಿರುವ ಲಾಭಗಳು ಕೆಲವೇ, ಅವುಗಳಲ್ಲಿ ಇದೊಂದು.

ಆಪತ್ತಿನಲ್ಲಿ ಕರೆಯಬೇಕಾದ ಸಂಖ್ಯೆ ೧೧೨. ಬೆಂಗಳೂರಿನಲ್ಲಿ ಧಾವಿಸಿ ಬರುವ ಪೋಲೀಸ್ ಗಾಡಿಗೆ ಹೊಯ್ಸಳ ಎಂದು ಹೆಸರಿಟ್ಟವರು ರಸಿಕರೇ ಸರಿ. ಗುರುವು ‘ಹೊಯ್, ಸಳ’ ಎಂದೊಡನೆ ಸಳನು ಹುಲಿಯನ್ನು ಹೊಡೆದನೆಂಬುದು ಐತಿಹ್ಯವಷ್ಟೆ. ಕೂಗಿದೊಡನೆ ಬರುವವನಿಗೆ ಇದಕ್ಕಿಂತ ಒಪ್ಪುವ ಹೆಸರಾವುದು?

ಇನ್ನು, ಈ ತಿಂಗಳು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಾದುದನ್ನು ಹೇಳುವೆನು.

ನಮ್ಮ ಎದುರು ಮನೆಯಲ್ಲಿ ಎಪ್ಪತ್ತು ಮೀರಿದ ವಿಧವೆಯೊಬ್ಬರಿದ್ದಾರೆ. ಮಕ್ಕಳು ಪರದೇಶದಲ್ಲಿ. ಅವರ ಗೇಟಿನ ಮೇಲೂ ಒಂದು ಚೌಕದ ಚೀಟಿಯುಂಟು. ಒಂದು ದಿನ ಬೆಳಗ್ಗೆ ಅವರಿಗೆ ಫೋನು ಬಂದಿತು. ಎದುರಿನ ಚಿತ್ರದಲ್ಲಿ ಖಾಕಿ ತೊಟ್ಟವನೊಬ್ಬನು ಕಾಣಿಸಿಕೊಂಡು, ‘ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟಿನಲ್ಲಿದ್ದೀರಿ, ಫೋನನ್ನು ಇಡಕೂಡದು, ಯಾರೊಡನೆಯೂ ಮಾತನಾಡಕೂಡದು’ ಎಂದನಂತೆ. ಆ ತಾಯಿ ಎರಡು ಹಗಲು ಎರಡು ರಾತ್ರಿ ಫೋನನ್ನು ಎದುರಿಗಿಟ್ಟುಕೊಂಡು, ಸರಿಯಾಗಿ ಊಟವಿಲ್ಲದೆ ಕುಳಿತಿದ್ದರು. ಯಜಮಾನರ ಪಿಂಚಣಿಯಿಂದ ಉಳಿಸಿದ್ದ ಹಣವನ್ನು ಎರಡು ಕಂತಿನಲ್ಲಿ ಅವನು ಹೇಳಿದ ಖಾತೆಗೆ ಕಳುಹಿಸಿದರು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ೨೦೨೪ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಇದನ್ನು ಸಾರಿದರು. ಆದರೆ ಹೆದರಿದವರಿಗೆ ಹಿಂದೆ ಕೇಳಿದ್ದು ನೆನಪಿಗೆ ಬರುವುದೆ?

ಆ ಎರಡು ರಾತ್ರಿಗಳಲ್ಲಿಯೂ ನನ್ನ ಶಿಷ್ಯನು ಅವರ ಗೇಟಿನ ಚೀಟಿಗೆ ಫೋನನ್ನು ಹಿಡಿದು ಹೋಗಿದ್ದಾನೆ, ರಾತ್ರಿಗೆ ಎರಡಾವೃತ್ತಿ. ಒಳಗೆ ಸುಳ್ಳು ಪೋಲೀಸಿನವನು, ಹೊರಗೆ ನಿಜವಾದ ಪೋಲೀಸಿನವನು, ನಡುವೆ ಹತ್ತು ಮಾರು ಅಂಗಳ. ನಡುರಾತ್ರಿಯಲ್ಲಿ ಹಜಾರದ ದೀಪವು ಉರಿಯುತ್ತಿದ್ದುದನ್ನು ಆತನು ಕಂಡನಂತೆ.

‘ಮೇಷ್ಟ್ರೆ, ಮೊದಲಾಗಿದ್ದರೆ ಅಮ್ಮಾವ್ರೆ, ಇನ್ನೂ ಮಲಗಲಿಲ್ಲವೆ ಎಂದು ಕೂಗುತ್ತಿದ್ದೆ. ಈಗ ಮುಂದಿನ ಚೀಟಿಗೆ ಹೊತ್ತಾಗುತ್ತದೆ’ ಎಂದು ಆತನು ನನ್ನ ಮುಂದೆ ತಲೆತಗ್ಗಿಸಿ ನಿಂತನು. ನಾನು ಆತನನ್ನು ಬಯ್ಯಲಾರದೆ ಹೋದೆನು. ಆ ದೀಪವನ್ನು ನಾನೂ ನೋಡಿದ್ದೆನು. ‘ಮಕ್ಕಳೊಡನೆ ಮಾತನಾಡುತ್ತಿರಬೇಕು, ಅಲ್ಲಿ ಈಗ ಹಗಲಲ್ಲವೆ’ ಎಂದುಕೊಂಡು ಕಿಟಕಿಯನ್ನು ಮುಚ್ಚಿ ಮಲಗಿದ್ದೆನು. ನನಗೆ ಮುಂದಿನ ಚೀಟಿಯ ಅವಸರವೂ ಇರಲಿಲ್ಲ.

ಮೂರನೆಯ ಬೆಳಗ್ಗೆ ಹಾಲು ತಂದ ಹುಡುಗಿಯು ಆಕೆಯ ಮುಖವನ್ನು ಕಂಡು ಗಾಬರಿಯಿಂದ ನನ್ನ ಮನೆಯವಳನ್ನು ಕರೆದಳು. ಒಡನೆ ೧೯೩೦ಕ್ಕೆ ಫೋನು ಮಾಡಿಸಿದೆವು. ಹಣದ ಮೋಸಕ್ಕೆಂದೇ ಇರುವ ಸಂಖ್ಯೆಯಿದು. ಮೋಸವಾದೊಡನೆಯೇ ತಿಳಿಸಿದರೆ, ಕಳ್ಳನು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಿ ತೆಗೆಯುವ ಮೊದಲೇ ಬ್ಯಾಂಕುಗಳು ಅದನ್ನು ತಡೆದು ನಿಲ್ಲಿಸಬಲ್ಲುವು. ಎರಡನೆಯ ಕಂತಿನಲ್ಲಿ ಸ್ವಲ್ಪ ಭಾಗವು ಹಾಗೆ ಸಿಕ್ಕಿಬಿದ್ದಿತು. ಮೊದಲನೆಯದು ಆ ವೇಳೆಗಾಗಲೇ ಹೋಗಿದ್ದಿತು. ದೂರನ್ನು ಬರೆದುಕೊಳ್ಳಲು ಪೋಲೀಸರು ಆಕೆಯ ಮನೆಗೇ ಬಂದರು. ಖಾಕಿಯನ್ನು ಕಂಡು ಆ ತಾಯಿ ನಡುಗಿದುದನ್ನು ನೆನೆದರೆ ಈಗಲೂ ಸಂಕಟವಾಗುವುದು.

ಯಂತ್ರವನ್ನು ದೂಷಿಸಿ ಫಲವಿಲ್ಲ. ಅದು ತನಗೆ ಹೇಳಿದಷ್ಟನ್ನು ಮಾಡಿತು. ಪೋಲೀಸಿನವನು ಬಂದನೆ ಎಂದು ಅದನ್ನು ಕೇಳಿದ್ದೆವು; ಮನೆಯವರು ಕ್ಷೇಮವೆ ಎಂದು ಕೇಳಿರಲಿಲ್ಲ. ಗೋಪನಷ್ಟು ತಿಳಿದವನು ಬೇಡ. ಆದರೆ ಒಂಟಿಯಾಗಿರುವ ಮುದುಕಿಯ ಮನೆಯಲ್ಲಿ ಎಂದೂ ಇಲ್ಲದ ದೀಪವು ಎರಡು ರಾತ್ರಿ ಉರಿದರೆ, ಏಕೆಂದು ಕೇಳುವಷ್ಟು ಬಿಡುವನ್ನಾದರೂ ಗಸ್ತಿನವನಿಗೆ ಕೊಡಬೇಡವೆ?

ಬೀದಿಯವರು ನಾಲ್ವರು ಹೋಗಿ ಠಾಣೆಯ ಇನ್ಸ್ಪೆಕ್ಟರನ್ನು ಕಂಡೆವು. ಗಟ್ಟಿಮುಟ್ಟಾದ ತರುಣ; ಮಾತನ್ನೆಲ್ಲ ಕೇಳಿಕೊಂಡು, ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರ ಪಟ್ಟಿಯನ್ನು ನಮ್ಮಿಂದಲೇ ಬರೆಯಿಸಿಕೊಂಡನು. ಐದು ಮನೆಗಳಾದುವು. ಆ ಮನೆಗಳ ಚೀಟಿಗಳನ್ನು ಗೇಟಿನಿಂದ ತೆಗೆದು ಹಜಾರದ ಬಾಗಿಲ ಪಕ್ಕದಲ್ಲಿ ಅಂಟಿಸಲು ಒಪ್ಪಿದನು. ಸಂಜೆಯ ಸುತ್ತಿನಲ್ಲಿ ಪೋಲೀಸಿನವನು ಅಂಗಳವನ್ನು ದಾಟಿ ಒಳಗೆ ಬರಲೇಬೇಕು. ಬಂದವನು ಒಂದು ಮಾತನಾಡಿಸದೆ ಹೋಗಲಾರನು. ಎದುರು ಮನೆಯ ತಾಯಿ ಮೊದಲ ವಾರ ಬಾಗಿಲನ್ನು ತೆರೆಯಲಿಲ್ಲ, ಕಿಟಕಿಯಿಂದಲೇ ಉತ್ತರ ಕೊಟ್ಟರು. ನಿನ್ನೆ ಸಂಜೆ ಬಾಗಿಲು ತೆರೆದಿತ್ತು. ನನ್ನ ಶಿಷ್ಯನು ಮೆಟ್ಟಲ ಮೇಲೆ ನಿಂತು ಮಜ್ಜಿಗೆ ಕುಡಿಯುತ್ತಿದ್ದನು.