ದಪ್ಪಗೆ ವಾಲುವ ಅಕ್ಷರ ಮಾತ್ರೆ ಡಬ್ಬಿಗಿರಲಿ

ಕಳೆದ ಮೂರು ಸಂಚಿಕೆಗಳಿಂದ ನಮ್ಮ ವಾರ್ತಾಪತ್ರದ ಕನ್ನಡವೆಲ್ಲ ದಪ್ಪಗಾಗಿ ಬಲಕ್ಕೆ ವಾಲಿಕೊಂಡಿದೆ. ಶೀರ್ಷಿಕೆ ಮಾತ್ರವಲ್ಲ, ವರದಿ, ಯುಗಾದಿ ಊಟದ ಪಟ್ಟಿ, ಸದಸ್ಯತ್ವದ ಜ್ಞಾಪನೆ, ಎಲ್ಲವೂ. ಕೇಳಿದರೆ ಸಮಿತಿಯ ತರುಣರು, “ಬೋಲ್ಡ್ ಇಟಾಲಿಕ್ ಸಾರ್, ಮಾಡರ್ನ್ ಆಗಿ ಕಾಣುತ್ತೆ” ಎನ್ನುತ್ತಾರೆ. ಬಂಧುಗಳೇ, ನನ್ನದು ಬಲವಾದ ತಕರಾರು.

ಆ ಅಕ್ಷರದ ಮೇಲೆ ನನಗೆ ಹಗೆಯಿಲ್ಲ. ಔಷಧಿ ಅಂಗಡಿಯಿಂದ ತಂದ ಯಾವುದಾದರೂ ತಲೆನೋವಿನ ಮಾತ್ರೆಯ ಡಬ್ಬಿ ತಿರುಗಿಸಿ ನೋಡಿ. ‘ಡ್ರಗ್ ಫ್ಯಾಕ್ಟ್ಸ್’ ಎಂಬ ಚೌಕಟ್ಟಿದೆಯಲ್ಲ, ಅದರ ಶೀರ್ಷಿಕೆಗಳು ಬೋಲ್ಡ್ ಇಟಾಲಿಕ್‌ನಲ್ಲೇ ಇರಬೇಕೆಂದು ಎಫ್.ಡಿ.ಎ. 1999ರಲ್ಲಿ ನಿಯಮ ಮಾಡಿತು. ನಿಯಮದ ಜೊತೆ ಕೊಟ್ಟ ಮಾದರಿಯಲ್ಲಿ ಅದು ಹೆಲ್ವೆಟಿಕಾ: ಮೇಲಿನ ಹೆಸರು 14 ಪಾಯಿಂಟ್, ‘ವಾರ್ನಿಂಗ್ಸ್’ ಮುಂತಾದವು 8. ಉಪಶೀರ್ಷಿಕೆ ದಪ್ಪ, ಆದರೆ ನೆಟ್ಟಗೆ. ವಿವರವೆಲ್ಲ ತೆಳ್ಳಗೆ, ನೆಟ್ಟಗೆ. ವಾಲಿಸಿದ್ದು ಕೆಲವೇ ಪದ. ಆದ್ದರಿಂದಲೇ ಕಣ್ಣು ಅಲ್ಲಿಗೆ ಹೋಗುತ್ತದೆ. ತುರ್ತು ವಿಭಾಗದಲ್ಲಿ ಎಲ್ಲರಿಗೂ ಕೆಂಪು ಚೀಟಿ ಕಟ್ಟಿದರೆ ನರ್ಸ್ ಯಾರ ಕಡೆ ಓಡಬೇಕು?

ಹೆಲ್ವೆಟಿಕಾ 1957ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಮ್ಯಾಕ್ಸ್ ಮೀಡಿಂಗರ್ ರೂಪಿಸಿದ್ದು. ಅದರ ಇಟಾಲಿಕ್ ಕೈಬರಹದಂತೆ ಬಳುಕುವುದಿಲ್ಲ. ನೆಟ್ಟಗಿನ ಅಕ್ಷರವೇ ಸುಮಾರು 12 ಡಿಗ್ರಿ ಓರೆಯಾಗುತ್ತದೆ. ಇಂಗ್ಲಿಷಿನ ಎಲ್, ಎಚ್, ಟಿಗಳಿಗೆ ಕಂಬವಿದೆ. ಕಂಬ ವಾಲಿದರೆ ಓಡುವಂತೆ ಕಾಣುತ್ತದೆ. ನಮ್ಮ ಅ, ಲ, ಠಗಳಿಗೆ ಕಂಬವೆಲ್ಲಿ? ದುಂಡನ್ನು ವಾಲಿಸಿದರೆ ಓಡುವುದಿಲ್ಲ, ಕುಳಿತಲ್ಲೇ ಸೊಟ್ಟಗಾಗುತ್ತದೆ. ಕೆಳಗಿನ ಒತ್ತಕ್ಷರ ಎಡಕ್ಕೆ ಜಾರುತ್ತದೆ. ವಿಂಡೋಸ್ ಜೊತೆ ಬಂದ ‘ತುಂಗಾ’ದಲ್ಲಿ ಇಟಾಲಿಕ್ ಎಂಬುದೇ ಇಲ್ಲ, ನೀವು ಗುಂಡಿ ಒತ್ತಿದಿರೆಂದು ಯಂತ್ರ ಅಕ್ಷರವನ್ನು ಸುಮ್ಮನೆ ತಳ್ಳುತ್ತದೆ, ಅಷ್ಟೆ.

ದಪ್ಪದ ಅಪಾಯ ಇನ್ನೂ ದೊಡ್ಡದು. ದ–ಧ, ಬ–ಭ, ಪ–ಫಗಳ ವ್ಯತ್ಯಾಸ ಬುಡದ ಒಂದು ಸೀಳು. ರ–ಠಗಳದ್ದು ಹೊಟ್ಟೆಯೊಳಗಿನ ಚುಕ್ಕೆ. ದಪ್ಪ ಮಾಡಿ, ಜೆರಾಕ್ಸಿನ ಜೆರಾಕ್ಸ್ ತೆಗೆದರೆ ಸೀಳು ಮುಚ್ಚುತ್ತದೆ, ಚುಕ್ಕೆ ಮಸಿಯಲ್ಲಿ ಮುಳುಗುತ್ತದೆ. ಊರಿನ ಶಾಲೆಗೆ ನಾವು ಕಳಿಸಿದ ‘ಧನಸಹಾಯ’ ಕಳೆದ ಸಂಚಿಕೆಯ ನಮ್ಮ ಮನೆಯ ಪ್ರತಿಯಲ್ಲಿ ‘ದನಸಹಾಯ’ವಾಗಿತ್ತು! ಮಠ ಮರವಾಗಲು ಎಷ್ಟು ಹೊತ್ತು?

ನಗಬಹುದು. ಆದರೆ ಭಾನುವಾರದ ಕನ್ನಡ ತರಗತಿಗೆ ಹೋಗುವ ಎಷ್ಟೋ ಮಕ್ಕಳ ಮನೆಗೆ ಬರುವ ಅಚ್ಚಿನ ಕನ್ನಡ ಇದೊಂದೇ. ಅವರ ನಾಲಿಗೆಯಿಂದ ಮಹಾಪ್ರಾಣ ಆಗಲೇ ಹೋಗಿದೆ; ಕಣ್ಣಿನಿಂದಲೂ ಹೋಗಬೇಕೆ? ಇನ್ನು ಆರು ತಿಂಗಳಿಗೆಂದು ಊರಿನಿಂದ ಬಂದ ಅಪ್ಪ ಅಮ್ಮಂದಿರು. ಈ ಪುಟಗಳನ್ನು ಮೊದಲಿಂದ ಕೊನೆಯವರೆಗೆ ಓದುವವರು ಅವರೇ, ಅದೂ ಪೊರೆ ಬಂದ ಕಣ್ಣಿನಲ್ಲಿ.

ಸಂಪಾದಕರೇ, ಕನ್ನಡ ನೆಟ್ಟಗಿರಲಿ, ತೆಳ್ಳಗಿರಲಿ, 14 ಪಾಯಿಂಟ್ ಇರಲಿ. ಶೀರ್ಷಿಕೆ ದಪ್ಪಗಿದ್ದರೆ ಸಾಕು. ಇಂಗ್ಲಿಷಿನಲ್ಲಿ ‘ಪಾಟ್‌ಲಕ್’ ಎಂಬುದನ್ನು ಎಷ್ಟು ಬೇಕಾದರೂ ವಾಲಿಸಿಕೊಳ್ಳಿ. ಮುಂದಿನ ಸಂಚಿಕೆಯೂ ಹೀಗೇ ಬಂದರೆ ಪ್ರತಿ ಸೀಳು, ಪ್ರತಿ ಚುಕ್ಕೆಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಟಿಪ್ಪಣಿ ಬರೆದು ವಾಪಸು ಕಳಿಸುತ್ತೇನೆ. ಡಾಕ್ಟರ ಕೈಬರಹ ಓದುವ ಕಷ್ಟ ಆಮೇಲೆ ನಿಮ್ಮದು.