ಗಟ್ಟಿಮುಟ್ಟಾದವರ ಕತ್ತಿಗೇಕೆ ಡಾಪ್ಲರ್?

ಖಾಸಗಿ ಆಸ್ಪತ್ರೆಗಳ ‘ಮಾಸ್ಟರ್ ಹೆಲ್ತ್ ಚೆಕಪ್’ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಅಗ್ಗದ ಪ್ಯಾಕೇಜಿನಿಂದ ದುಬಾರಿಯದಕ್ಕೆ ಹೋದಂತೆ ಹಲವು ಕಡೆ ‘ಕೆರೋಟಿಡ್ ಡಾಪ್ಲರ್’ ಎಂಬ ಹೆಸರು ಸೇರಿಕೊಳ್ಳುತ್ತದೆ. ಮೆದುಳಿಗೆ ರಕ್ತ ಒಯ್ಯುವ ಕತ್ತಿನ ನಾಳಗಳು ಕಿರಿದಾಗಿವೆಯೇ ಎಂದು ನೋಡುವ ಅಲ್ಟ್ರಾಸೌಂಡ್ ಅದು. ಸೂಜಿಯಿಲ್ಲ, ನೋವಿಲ್ಲ. ಲಕ್ವ ಹೊಡೆಯುವ ಮೊದಲೇ ಗೊತ್ತಾದರೆ ಒಳ್ಳೆಯದಲ್ಲವೇ ಎಂದು ಕೇಳಿದರೆ ಯಾರು ತಾನೇ ಅಲ್ಲ ಎಂದಾರು? ನಾನು ಅನ್ನುತ್ತೇನೆ. ಯಾವ ಲಕ್ಷಣವೂ ಇಲ್ಲದವರಿಗೆ, ವೈದ್ಯರು ಹೇಳದೆ, ಪ್ಯಾಕೇಜಿನಲ್ಲಿ ಕಟ್ಟಿ ಈ ಪರೀಕ್ಷೆಯನ್ನು ಮಾರುವುದು ತಪ್ಪು.

ಇದು ನನ್ನೊಬ್ಬನ ಹಟವಲ್ಲ. ರೋಗತಡೆಯ ಬಗ್ಗೆ ಸಲಹೆ ನೀಡುವ ಅಮೆರಿಕದ ಸ್ವತಂತ್ರ ತಜ್ಞರ ಕಾರ್ಯಪಡೆ 2007, 2014 ಮತ್ತು 2021ರಲ್ಲಿ ಮೂರು ಬಾರಿಯೂ ಹೇಳಿದ್ದು ಒಂದೇ: ಲಕ್ಷಣಗಳಿಲ್ಲದ ವಯಸ್ಕರಿಗೆ ಈ ತಪಾಸಣೆ ಬೇಡ, ಲಾಭಕ್ಕಿಂತ ಹಾನಿಯೇ ಹೆಚ್ಚು. ಹಾನಿ ಬರುವುದು ಯಂತ್ರದಿಂದಲ್ಲ. ರಿಪೋರ್ಟು ನಮ್ಮನ್ನು ಎಳೆದೊಯ್ಯುವ ದಾರಿಯಿಂದ.

ಸಾಮಾನ್ಯ ಜನರಲ್ಲಿ ಸಾವಿರಕ್ಕೆ ಹತ್ತು ಮಂದಿಗೋ ಅದಕ್ಕಿಂತ ಕಡಿಮೆ ಜನರಿಗೋ ಈ ನಾಳ ಗಂಭೀರವಾಗಿ ಕಿರಿದಾಗಿರುತ್ತದೆ. ನಾಳ ಸರಿಯಿರುವವರಲ್ಲಿ ನೂರಕ್ಕೆ ಎಂಟು ಮಂದಿಯನ್ನು ಪರೀಕ್ಷೆ ತಪ್ಪಾಗಿ ರೋಗಿ ಎಂದಿತು ಎಂದುಕೊಳ್ಳೋಣ. ಹತ್ತು ನಿಜ ರೋಗಿಗಳನ್ನು ಹುಡುಕಲು ಹೊರಟು 79 ಮಂದಿಯನ್ನು ವಿನಾಕಾರಣ ಗಾಬರಿಗೆ ತಳ್ಳಿದಂತಾಯಿತು. ಮುಂದಿನದು ಆಂಜಿಯೋಗ್ರಾಮ್, ಆಮೇಲೆ ಕತ್ತು ಕೊಯ್ದು ನಾಳ ಶುಚಿ ಮಾಡುವ ಶಸ್ತ್ರಚಿಕಿತ್ಸೆ ಅಥವಾ ಸ್ಟೆಂಟ್. ಇವೆರಡೂ ಒಮ್ಮೊಮ್ಮೆ ಲಕ್ವವನ್ನೇ ತರುತ್ತವೆ. ಲಕ್ಷಣವಿಲ್ಲದವರಲ್ಲಿ ಹೀಗೆ ಆಗುವ ಲಕ್ವ ಮತ್ತು ಸಾವು ಶೇ 3ರೊಳಗೆ ಇರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಗೆರೆ ಎಳೆದಿವೆ. ತಡೆಯಲು ಹೊರಟ ಕಾಯಿಲೆಯನ್ನು ಚಿಕಿತ್ಸೆಯೇ ಕೊಡಬಹುದಾದ ಕಡೆ ‘ನೋಡಿಬಿಡೋಣ, ನಷ್ಟವೇನು’ ಎನ್ನುವ ಮಾತು ಸಲ್ಲದು.

ಈ ವ್ಯಾಪಾರ ನಿಂತಿರುವುದು ಒಂದು ಸುಲಭದ ಚಿತ್ರದ ಮೇಲೆ. ನಲ್ಲಿಯ ಪೈಪಿನಲ್ಲಿ ಕಸ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ಹಾಗೆಯೇ ಕತ್ತಿನ ನಾಳದಲ್ಲಿ ಕೊಬ್ಬು ಕಟ್ಟಿದರೆ ಮೆದುಳು ಸೊರಗುತ್ತದೆ ಎಂಬ ಚಿತ್ರ. ನಡೆಯುವುದು ಬಹುಮಟ್ಟಿಗೆ ಹಾಗಲ್ಲ. ಮೆದುಳಿನ ಬುಡದಲ್ಲಿ ಎಡ, ಬಲ ಮತ್ತು ಹಿಂಬದಿಯ ನಾಳಗಳು ಬಳೆಯಂತೆ ಕೂಡಿಕೊಂಡಿರುತ್ತವೆ. ಒಂದು ಕಡೆ ಹರಿವು ತಗ್ಗಿದರೆ ಇನ್ನೊಂದು ಕಡೆಯಿಂದ ರಕ್ತ ಬರುತ್ತದೆ. ಅದಕ್ಕೇ ಒಂದು ಬದಿಯ ನಾಳ ಪೂರ್ತಿ ಮುಚ್ಚಿದ್ದರೂ ಕೆಲವರು ಆರಾಮಾಗಿ ಓಡಾಡಿಕೊಂಡಿರುತ್ತಾರೆ. ನಿಜವಾದ ಅಪಾಯ ಕೊಬ್ಬಿನ ಗಡ್ಡೆ ಬಿರಿಯುವುದರಲ್ಲಿದೆ. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಮೇಲೇರಿ ಮೆದುಳಿನ ಸಣ್ಣ ನಾಳವೊಂದರಲ್ಲಿ ಸಿಕ್ಕಿಕೊಳ್ಳುತ್ತದೆ. ಎಡಗತ್ತಿನಿಂದ ಹೊರಟ ಚೂರು ಬಲಗೈ ಬಲಗಾಲಿನ ಶಕ್ತಿಯನ್ನೂ ಹಲವರಲ್ಲಿ ಮಾತನ್ನೂ ಕಸಿಯುತ್ತದೆ. ಎಷ್ಟು ಶೇಕಡಾ ಕಿರಿದಾಗಿದೆ ಎಂಬುದಷ್ಟೇ ಅಲ್ಲ, ಗಡ್ಡೆ ಬಿರಿಯುವಂಥದೇ ಎಂಬುದೂ ಮುಖ್ಯ. ಅದನ್ನು ಬಿರಿಯದಂತೆ ಹಿಡಿದಿಡಲು ನೆರವಾಗುವುದು ಸ್ಟ್ಯಾಟಿನ್ ಮಾತ್ರೆ, ಬಿಪಿ ಮತ್ತು ಸಕ್ಕರೆಯ ಹತೋಟಿ, ಬೀಡಿ ಸಿಗರೇಟಿಗೆ ವಿದಾಯ. ಬಿಪಿ, ಸಕ್ಕರೆ ನೋಡಿಸಲು ಯಾವ ಪ್ಯಾಕೇಜೂ ಬೇಕಿಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು.

ಇದಕ್ಕೆ ಎದುರಾಡುವವರ ಕೈಯಲ್ಲಿ ಈಗ ಹೊಸ ಅಸ್ತ್ರವಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ಕ್ರೆಸ್ಟ್-2 ಅಧ್ಯಯನದಲ್ಲಿ, ಲಕ್ಷಣವಿಲ್ಲದಿದ್ದರೂ ನಾಳ ಶೇ 70ರಷ್ಟು ಅಥವಾ ಅದಕ್ಕಿಂತ ಹೆಚ್ಚು ಕಿರಿದಾದ 2,485 ಮಂದಿಯನ್ನು ಎರಡು ಪ್ರಯೋಗಗಳಲ್ಲಿ ಪರಿಶೀಲಿಸಲಾಯಿತು. ಬರೀ ಔಷಧಿ ಪಡೆದವರಲ್ಲಿ ನಾಲ್ಕು ವರ್ಷದಲ್ಲಿ ಲಕ್ವದಂಥ ಅವಘಡದ ಪ್ರಮಾಣ ಶೇ 6, ಸ್ಟೆಂಟ್ ಕೂಡ ಹಾಕಿಸಿಕೊಂಡವರಲ್ಲಿ ಶೇ 2.8. ಲಾಭ ನಿಜ, ಅಲ್ಲಗಳೆಯುವುದಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಕತ್ತಿನ ಶಸ್ತ್ರಚಿಕಿತ್ಸೆ ಔಷಧಿಗಿಂತ ಮೇಲೆಂದು ಸಾಬೀತಾಗಲಿಲ್ಲ. ಸ್ಟೆಂಟ್ ಹಾಕಿದವರು ಪಳಗಿದ ಕೈಗಳೆಂದು ಪರಿಶೀಲಿಸಿ ಆರಿಸಿದ ವೈದ್ಯರು. ನೂರು ಮಂದಿಯಲ್ಲಿ 94 ಮಂದಿ ಔಷಧಿಯಲ್ಲೇ ನಾಲ್ಕು ವರ್ಷ ಅಂಥ ಅವಘಡವಿಲ್ಲದೆ ಇದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಆರೋಗ್ಯವಂತರ ಕತ್ತನ್ನು ಸಾಲಾಗಿ ಸ್ಕ್ಯಾನ್ ಮಾಡಬೇಕೇ ಎಂಬ ಪ್ರಶ್ನೆಯನ್ನು ಆ ಅಧ್ಯಯನ ಕೇಳಲೇ ಇಲ್ಲ.

ಇನ್ನೊಂದು ವಿಚಾರ ನಮ್ಮವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಬಿಳಿಯರಿಗೆ ಹೋಲಿಸಿದರೆ ಏಷ್ಯಾದವರಲ್ಲಿ ತಲೆಬುರುಡೆಯ ಒಳಗಿನ ನಾಳಗಳೇ ಹೆಚ್ಚಾಗಿ ಕಿರಿದಾಗುತ್ತವೆ. ಕತ್ತಿನ ಡಾಪ್ಲರ್ ಅಲ್ಲಿಗೆ ಇಣುಕುವುದಿಲ್ಲ. ‘ನಾರ್ಮಲ್’ ರಿಪೋರ್ಟನ್ನು ಜೇಬಿನಲ್ಲಿಟ್ಟುಕೊಂಡು ಬಿಪಿ ಮಾತ್ರೆ ಬಿಟ್ಟವನನ್ನು ಕಾಯುವವರು ಯಾರು?

ಡಾಪ್ಲರ್ ಯಾರಿಗೆ ಬೇಕೋ ಅವರಿಗೆ ಅದೇ ದಿನ ಬೇಕು. ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಮತ್ತೆ ಸರಿಹೋದವರು, ಹತ್ತು ನಿಮಿಷ ಬಾಯಿ ಸೊಟ್ಟಗಾಗಿ ಮಾತು ತೊದಲಿ ಸುಧಾರಿಸಿಕೊಂಡವರು ಅವರು. ‘ಸುಸ್ತಾಗಿತ್ತು, ಈಗ ಸರಿಹೋಯ್ತು’ ಎಂದು ಮನೆಯಲ್ಲಿ ಮಲಗಿಸುವ ಈ ಮಿನಿ ಸ್ಟ್ರೋಕೇ ದೊಡ್ಡದರ ಮುನ್ಸೂಚನೆ. ಇಂಥವರಲ್ಲಿ ನಾಳ ತೀವ್ರವಾಗಿ ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಎರಡು ವರ್ಷದೊಳಗೆ ಅದೇ ಬದಿಯ ಲಕ್ವ ಶೇ 26ರಿಂದ 9ಕ್ಕೆ ಇಳಿಯುತ್ತದೆಂದು ಉತ್ತರ ಅಮೆರಿಕದ ಅಧ್ಯಯನ 1991ರಲ್ಲೇ ತೋರಿಸಿತು. ಎರಡು ವಾರದೊಳಗೆ ಮಾಡಿದರೆ ಲಾಭ ಅತಿ ಹೆಚ್ಚು. ನಮ್ಮಲ್ಲಿ ಆಗುತ್ತಿರುವುದೇನು? ಗಟ್ಟಿಮುಟ್ಟಾದವರಿಗೆ ರಿಯಾಯಿತಿ ದರದ ಸ್ಕ್ಯಾನ್. ಲಕ್ವ ಹೊಡೆದವರಿಗೆ ಪಾರಿವಾಳದ ರಕ್ತದ ಲೇಪ, ನಾಟಿ ಎಣ್ಣೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ನಾಲ್ಕೂವರೆ ಗಂಟೆ ದಾರಿಯಲ್ಲೇ ಕಳೆದುಹೋಗುತ್ತದೆ.

ಭಯ ಜನರನ್ನು ಎಲ್ಲಿಗೆ ಓಡಿಸುತ್ತದೆಂದು 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ, 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗಲೂ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದಿನ ಸಾಲುಗಳು ಹೇಳಿದವು. ಆ ಭಯವನ್ನು ಪ್ಯಾಕೇಜು ಮಾಡಿ ಮಾರಲು ಬಿಡಬಾರದು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಸನ್ನದು ಇದೆ. ಅದರಡಿ ಸರ್ಕಾರ ಎರಡು ನಿಯಮ ತರಲಿ. ಪ್ಯಾಕೇಜಿನ ಪ್ರತಿ ಪರೀಕ್ಷೆಯ ಮುಂದೆ ಅದು ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಕನ್ನಡದಲ್ಲಿ ಬರೆದಿರಲಿ. ಕತ್ತಿನ ನಾಳಕ್ಕೆ ಕೈಹಾಕುವ ಆಸ್ಪತ್ರೆ, ತನ್ನಲ್ಲಿ ಮೂವತ್ತು ದಿನದೊಳಗೆ ಎಷ್ಟು ಮಂದಿಗೆ ಲಕ್ವ ಹೊಡೆಯಿತು, ಎಷ್ಟು ಮಂದಿ ಸತ್ತರು ಎಂಬುದನ್ನು ಸಹಿ ಹಾಕಿಸಿಕೊಳ್ಳುವ ಮೊದಲೇ ರೋಗಿಯ ಮುಂದಿಡಲಿ. ಆ ಅಂಕಿ ಕೊಡಲಾಗದವರಿಗೆ ಸ್ಕ್ಯಾನ್ ಮಾರುವ ಹಕ್ಕೂ ಇಲ್ಲ.